ಮನೋವೈದ್ಯ ಬರುವಷ್ಟರಲ್ಲಿ

ದೊಡ್ಡ ಆಸ್ಪತ್ರೆಗಳಲ್ಲಿ ಒಂದು ವಿಭಾಗದ ವೈದ್ಯರಿಗೆ ಇನ್ನೊಂದು ವಿಭಾಗದ ವೈದ್ಯರ ಸಲಹೆ ಬೇಕಾದಾಗ ಒಂದು ಚೀಟಿ ಬರೆದು ಕಳಿಸುವ ಪದ್ಧತಿಯುಂಟು. ಆಸ್ಪತ್ರೆಯ ಮಾತಿನಲ್ಲಿ ಅದಕ್ಕೆ ‘ಕಾಲ್’ ಎಂದು ಹೆಸರು. ಹೃದಯದ ತಜ್ಞರಿಗೆ ಹೋಗುವ ಚೀಟಿಯಲ್ಲಿ ರೋಗಿಯ ನಾಡಿ ಎಷ್ಟು, ರಕ್ತದೊತ್ತಡ ಎಷ್ಟು, ಎದೆನೋವು ಎಷ್ಟು ಹೊತ್ತಿಗೆ ಶುರುವಾಯಿತು ಎಂಬುದೆಲ್ಲ ಇರುತ್ತದೆ. ಮನೋವೈದ್ಯನಾದ ನನಗೆ ಬರುತ್ತಿದ್ದ ಚೀಟಿಗಳು ಬಹುಪಾಲು ಒಂದೇ ಸಾಲಿನವು. “ರೋಗಿ ಸಹಕರಿಸುತ್ತಿಲ್ಲ, ದಯವಿಟ್ಟು ನೋಡಿ.” “ರಾತ್ರಿಯೆಲ್ಲ ಗಲಾಟೆ, ದಯವಿಟ್ಟು ನೋಡಿ.” “ವಿಷ ಸೇವನೆ, ಇಂದು ಡಿಸ್ಚಾರ್ಜ್, ದಯವಿಟ್ಟು ನೋಡಿ.” ಸುಮಾರು ಮೂವತ್ತು ವರ್ಷ ಒಂದು ಜಿಲ್ಲಾ ಕೇಂದ್ರದ ಸಾಮಾನ್ಯ ಆಸ್ಪತ್ರೆಯಲ್ಲಿ ಇಂಥ ಚೀಟಿಗಳನ್ನು ಓದಿದವನು ನಾನು. ಅವು ಎಷ್ಟು ಹೊತ್ತಿಗೆ ಬರೆಯಲ್ಪಡುತ್ತವೆ, ಎಷ್ಟು ಹೊತ್ತಿಗೆ ತಲುಪುತ್ತವೆ, ತಲುಪಿದ ಮೇಲೆ ಏನಾಗುತ್ತದೆ ಎಂಬುದೇ ಇಂದಿನ ನನ್ನ ವಿಷಯ. ಆಸ್ಪತ್ರೆಯ ಹೆಸರನ್ನು ಹೇಳುವುದಿಲ್ಲ. ಹೇಳಿದರೆ ಅದೊಂದು ಊರಿನ ದೋಷವೆಂದು ನೀವು ತಿಳಿಯುತ್ತೀರಿ. ಈ ದೋಷಕ್ಕೆ ಊರುಗಳ ಭೇದವಿಲ್ಲ.

ಮೊದಲು ಒಬ್ಬ ಮೇಷ್ಟರ ಸಂಗತಿ. ನಿವೃತ್ತ ಶಾಲಾ ಶಿಕ್ಷಕರು, ಎಪ್ಪತ್ತೆಂಟರ ಹತ್ತಿರದ ವಯಸ್ಸು. ಬಚ್ಚಲುಮನೆಯಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದಿತ್ತು. ಶಸ್ತ್ರಕ್ರಿಯೆ ಸಸೂತ್ರವಾಗಿ ನಡೆಯಿತು. ಎರಡನೆಯ ರಾತ್ರಿ ಅವರು ಮಂಚದ ಮೇಲೆ ಎದ್ದು ಕುಳಿತು, ಗೋಡೆಯ ಮೇಲೆ ಇರುವೆಯ ಸಾಲು ಹರಿಯುತ್ತಿದೆ ಎಂದರು. ಕೈಗೆ ಹಾಕಿದ್ದ ಡ್ರಿಪ್ಪನ್ನು ಕಿತ್ತರು. ಎದುರು ಮಂಚದ ರೋಗಿಯನ್ನು ತಮ್ಮ ಶಾಲೆಯ ಹುಡುಗನೆಂದು ಭಾವಿಸಿ, ಹದಿಮೂರರ ಮಗ್ಗಿ ಒಪ್ಪಿಸೆಂದು ಗದರಿಸಿದರು. ನಾನು ಹೋಗಿ ನೋಡುವಾಗ ಅವರ ಎರಡು ಕೈಗಳನ್ನೂ ಗಾಯಕ್ಕೆ ಸುತ್ತುವ ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಲಾಗಿತ್ತು.

“ಸಿಸ್ಟರ್, ಇವರು ಹೀಗಾದದ್ದು ಯಾವಾಗಿನಿಂದ?” ಎಂದೆ.

“ಭಾನುವಾರ ರಾತ್ರಿಯಿಂದ ಸಾರ್.”

“ಇವತ್ತು ಬುಧವಾರವಲ್ಲವೇ?”

“ನಾನು ಸೋಮವಾರ ಬೆಳಿಗ್ಗೆಯೇ ಹೇಳಿದೆ ಸಾರ್. ಆದರೆ ರೌಂಡ್ಸಿಗೆ ಡಾಕ್ಟರು ಬಂದಾಗ ಮೇಷ್ಟರು ನೆಟ್ಟಗೆ ಮಾತಾಡಿದರು. ನಿನ್ನೆ ರಾತ್ರಿ ಜೋರಾಯಿತು. ಅದಕ್ಕೇ ಕಟ್ಟಿದ್ದೇವೆ.”

ಮಗ ನನ್ನನ್ನು ಪಕ್ಕಕ್ಕೆ ಕರೆದ. “ಡಾಕ್ಟರೇ, ನಮ್ಮ ತಂದೆ ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ಅವರಿಗೆ ತಲೆ ಕೆಟ್ಟಿತೆಂದು ಊರಿನಲ್ಲಿ ಹೇಗೆ ಹೇಳಲಿ?” ಎಂದು ಕೇಳುವಾಗ ಆತನ ದನಿ ನಡುಗುತ್ತಿತ್ತು.

ಮೇಷ್ಟರ ತಲೆ ಕೆಟ್ಟಿರಲಿಲ್ಲ. ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿ ಎಂದು ಕೇಳಿದೆ. ಶನಿವಾರ, ಶುಕ್ರವಾರ ಎಂದು ಸರಿಯಾಗಿ ತೊಡಗಿ, ಗುರುವಾರಕ್ಕೆ ಬಂದವರು ‘ಗುರುಗಳು’ ಎಂದು ಹೇಳಿ ಅಲ್ಲಿಯೇ ನಿಂತರು. ಗಮನದ ಎಳೆ ಕಡಿದುಹೋಗಿತ್ತು. ಮೂತ್ರದ ನಳಿಕೆ ಕಟ್ಟಿಕೊಂಡು ಕಿಬ್ಬೊಟ್ಟೆ ಬಿಗಿದಿತ್ತು, ಸಣ್ಣಗೆ ಜ್ವರವಿತ್ತು. ರಕ್ತ ಪರೀಕ್ಷೆ ಮಾಡಿಸಿದಾಗ ಸೋಡಿಯಂ ಇಳಿದಿರುವುದು ಕಂಡಿತು. ನಮ್ಮ ಹಿರಿಯರು ‘ಸನ್ನಿ’ ಎಂದು ಕರೆಯುತ್ತಿದ್ದ ಸ್ಥಿತಿ ಇದು. ಶರೀರದ ಯಾವುದೋ ಕೆಡುಕು ಮಿದುಳಿನ ಕೆಲಸವನ್ನು ಕೆಲವು ದಿನ ಕದಡುತ್ತದೆ. ಥಟ್ಟನೆ ಬರುತ್ತದೆ, ಹಗಲು ಇಳಿದು ರಾತ್ರಿ ಏರುತ್ತದೆ. ಕಾರಣವನ್ನು ಹುಡುಕಿ ಸರಿಪಡಿಸಿದರೆ ಬಹುಮಟ್ಟಿಗೆ ಇಳಿಯುತ್ತದೆ. ಹುಡುಕದೆ ಬಿಟ್ಟರೆ ಆ ಕಾರಣವೇ ರೋಗಿಯನ್ನು ಕೊಲ್ಲಬಹುದು. ನಾವು ನಳಿಕೆ ಬದಲಿಸಿ, ಸೋಂಕಿಗೆ ಔಷಧ ಕೊಟ್ಟು, ಕೈ ಬಿಚ್ಚಿ, ಚೀಲದಲ್ಲಿದ್ದ ಅವರ ಕನ್ನಡಕವನ್ನು ಮೂಗಿನ ಮೇಲಿಟ್ಟು, ರಾತ್ರಿ ಮಗ ಪಕ್ಕದಲ್ಲಿಯೇ ಇರುವಂತೆ ಏರ್ಪಾಟು ಮಾಡಿದೆವು. ಐದಾರು ದಿನಗಳಲ್ಲಿ ಮೇಷ್ಟರು ಮೇಷ್ಟರಾದರು. ಇರುವೆಗಳ ನೆನಪು ಅವರಿಗೆ ಉಳಿದಿರಲಿಲ್ಲ. “ಕೈ ಕಟ್ಟಿದ್ದು ಮಾತ್ರ ನೆನಪಿದೆ” ಎಂದರು.

ಕರೆ ಬಂದ ದಿನವೇ ನಾನು ಹೋಗಿದ್ದೆ. ರಿಜಿಸ್ಟರಿನ ಲೆಕ್ಕದಲ್ಲಿ ನನ್ನ ವಿಳಂಬ ಕೆಲವೇ ಗಂಟೆಗಳದ್ದು. ಮೇಷ್ಟರ ಲೆಕ್ಕದಲ್ಲಿ ಅದು ಮೂರು ರಾತ್ರಿ. ಮನೋವೈದ್ಯ ಬೇಗ ಬರಬೇಕು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಗಡಿಯಾರವನ್ನು ಯಾವ ಗಳಿಗೆಯಿಂದ ಎಣಿಸಬೇಕೆಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಸಾಮಾನ್ಯ ಆಸ್ಪತ್ರೆಯಲ್ಲಿ ಮನೋವೈದ್ಯನಿಗೆ ಏನು ಕೆಲಸ ಎಂದು ಕೆಲವರಿಗೆ ಅನ್ನಿಸಬಹುದು. ಬಹುಕಾಲ ಹಾಗೆಯೇ ಅನ್ನಿಸಿತ್ತು. ಮನೋರೋಗಿಗಳಿಗೆ ಊರಾಚೆ ಎತ್ತರದ ಗೋಡೆಯ ಬೇರೊಂದು ಆಸ್ಪತ್ರೆ, ಉಳಿದವರಿಗೆ ಊರೊಳಗೆ ಇನ್ನೊಂದು ಎಂಬ ವಿಭಜನೆ ನಮಗೆ ಬ್ರಿಟಿಷರ ಕಾಲದಿಂದ ಬಂದದ್ದು. ನಮ್ಮ ದೇಶದಲ್ಲಿ ಆ ಗೋಡೆಯನ್ನು ಮೊದಲು ದಾಟಿದವರು ಗಿರೀಂದ್ರಶೇಖರ ಬೋಸರು. ೧೯೩೩ರಲ್ಲಿ ಕಲ್ಕತ್ತೆಯ ಕಾರ್ಮೈಕೇಲ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ, ಅಂದರೆ ಮುಂದೆ ಆರ್.ಜಿ. ಕರ್ ಎಂದು ಹೆಸರಾದ ಸಂಸ್ಥೆಯಲ್ಲಿ, ಅವರು ಮನೋರೋಗದ ಹೊರರೋಗಿ ವಿಭಾಗವನ್ನು ತೆರೆದರು. ೧೯೩೮ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ಮಸಾನಿಯವರು ಅದೇ ಕೆಲಸ ಮಾಡಿದರು. ಫ್ರಾಯ್ಡನೊಡನೆ ಪತ್ರವ್ಯವಹಾರ ನಡೆಸಿ, ಅವನೊಡನೆ ಭಿನ್ನಮತವನ್ನೂ ತಾಳಿದ್ದ ಈ ಬೋಸರು, ‘ಪರಶುರಾಮ’ ಎಂಬ ಹೆಸರಿನಿಂದ ಬಂಗಾಳವನ್ನು ನಗಿಸಿದ ರಾಜಶೇಖರ ಬಸುವಿನ ತಮ್ಮ ಎಂಬುದು ಸಾಹಿತ್ಯಾಸಕ್ತರಿಗೆ ರುಚಿಸುವ ಸಂಗತಿ. ಅಲ್ಲಿ ಅಣ್ಣತಮ್ಮಂದಿರು ಹಂಚಿಕೊಂಡಿದ್ದ ಎರಡು ಕೆಲಸಗಳನ್ನು ನಮ್ಮಲ್ಲಿ ಒಬ್ಬರೇ ಮಾಡಿದರು. ‘ಕೊರವಂಜಿ’ಯನ್ನು ನಡೆಸಿದ ರಾಶಿ, ‘ಮನಮಂಥನ’ ಬರೆದು ೧೯೭೬ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಡಾ. ಎಂ. ಶಿವರಾಂ.

ಆಮೇಲೆ ಕರ್ನಾಟಕದಲ್ಲಿಯೂ ದಾರಿ ತೆರೆಯಿತು. ೧೯೭೪ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ರೂಪುಗೊಂಡಿತು. ಎಂಬತ್ತರ ದಶಕದಲ್ಲಿ ಆ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ೧೯೯೬ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಹೀಗೆ ನನ್ನಂಥವರು ಜಿಲ್ಲಾಸ್ಪತ್ರೆಗಳಿಗೆ ಬಂದೆವು. ಬಂದೆವೆಂದರೆ ಹಿಂಡಾಗಿ ಬಂದೆವೆಂದು ತಿಳಿಯಬೇಡಿ. ೨೦೧೯ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ ಭಾರತದಲ್ಲಿ ಲಕ್ಷ ಜನಕ್ಕೆ ೦.೭೫ ಮನೋವೈದ್ಯರು. ಒಬ್ಬ ಪೂರ್ಣ ಮನುಷ್ಯನೂ ಇಲ್ಲ.

ಇಷ್ಟು ಕಡಿಮೆ ಜನರಿರುವಾಗ ತಡವಾಗುವುದು ಸಹಜ, ಇನ್ನೂ ನಾಲ್ಕು ಮಂದಿಯನ್ನು ನೇಮಿಸಿದರೆ ಎಲ್ಲ ಸರಿಹೋಗುತ್ತದೆ ಎಂದೇ ನಾನೂ ನಂಬಿದ್ದೆ. ಮೇಷ್ಟರ ಪ್ರಸಂಗವಾದ ಮೇಲೆ ಒಂದು ಸಣ್ಣ ಕೆಲಸ ಮಾಡಿದೆ. ಪ್ರತಿ ಕಾಲ್ ಚೀಟಿಯ ಮೇಲೆ ನಾಲ್ಕು ಹೊತ್ತುಗಳನ್ನು ಬರೆಯಬೇಕೆಂದು ವಾರ್ಡುಗಳನ್ನು ಕೇಳಿಕೊಂಡೆ: ತೊಂದರೆ ಮೊದಲು ಕಂಡ ಹೊತ್ತು, ಚೀಟಿ ಬರೆದ ಹೊತ್ತು, ಅದು ನಮ್ಮ ಕೋಣೆಗೆ ತಲುಪಿದ ಹೊತ್ತು, ನಾನು ರೋಗಿಯ ಪಕ್ಕದಲ್ಲಿ ನಿಂತ ಹೊತ್ತು. ಕೆಲವರು ನಕ್ಕರು. “ಸಾರ್, ಅಂಚೆ ಇಲಾಖೆ ಮಾಡಿಬಿಟ್ಟಿರಿ” ಎಂದರು ಒಬ್ಬ ಹೌಸ್ ಸರ್ಜನ್. ಆದರೆ ಬರೆದರು. ಕೆಲವು ತಿಂಗಳು ಕಳೆದು ಆ ಚೀಟಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತಾಗ ನನ್ನ ನಂಬಿಕೆ ಅಲುಗಾಡಿತು. ಅತಿ ದೊಡ್ಡ ಅಂತರವಿದ್ದದ್ದು ಮೊದಲ ಎರಡು ಹೊತ್ತುಗಳ ನಡುವೆ. ಆಮೇಲಿನದು ಚೀಟಿಯ ಪ್ರಯಾಣದ್ದು. ನನ್ನ ಕಾಲ್ನಡಿಗೆಯದೇ ಅತಿ ಚಿಕ್ಕದು. ಇದರಿಂದ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ತಡ ನನ್ನದಾಗಿದ್ದರೆ ನಾನೇ ತಿದ್ದಿಕೊಳ್ಳಬಹುದಿತ್ತು.

ತೊಂದರೆ ಕಂಡ ಮೇಲೂ ಏಕೆ ಬರೆಯುವುದಿಲ್ಲ? ರಾತ್ರಿಯ ಪಾಳಿಯ ಸಿಸ್ಟರಿಗೆ ಕಾಣುತ್ತದೆ. ಬರೆಯುವ ಅಧಿಕಾರ ಆಕೆಗಿಲ್ಲ. ಹಗಲು ಬರುವ ವೈದ್ಯರಿಗೆ ಅಧಿಕಾರವಿದೆ. ಅವರಿಗೆ ಕಾಣುವುದಿಲ್ಲ, ಏಕೆಂದರೆ ಸನ್ನಿ ಹಗಲು ಇಳಿದಿರುತ್ತದೆ. ಕಿರಿಯ ವೈದ್ಯರಿಗೆ ಸಂಶಯ ಬಂದರೂ ಯೂನಿಟ್ಟಿನ ಹಿರಿಯರನ್ನು ಕೇಳದೆ ಬರೆಯುವಂತಿಲ್ಲ, ಹಿರಿಯರು ಶಸ್ತ್ರಕ್ರಿಯೆಯ ಕೋಣೆಯಲ್ಲಿರುತ್ತಾರೆ. ಇದಕ್ಕಿಂತ ಆಳದ ಕಾರಣವೂ ಒಂದಿದೆ. ಮನೋವೈದ್ಯನನ್ನು ಕರೆಯುವುದೆಂದರೆ ತಮ್ಮ ಕೈ ಸೋತಿತೆಂದು ಒಪ್ಪಿಕೊಂಡಂತೆ ಎಂಬ ಭಾವನೆ ಬಹಳ ವೈದ್ಯರಲ್ಲಿದೆ. ಇದಕ್ಕೆ ಅವರನ್ನು ಬಯ್ದು ಫಲವಿಲ್ಲ. ಎಂ.ಬಿ.ಬಿ.ಎಸ್. ಓದಿನಲ್ಲಿ ಮನೋವೈದ್ಯಶಾಸ್ತ್ರಕ್ಕೆ ಸಿಗುವುದು ಕೆಲವೇ ವಾರಗಳು, ಪ್ರತ್ಯೇಕವಾಗಿ ತೇರ್ಗಡೆಯಾಗಬೇಕಾದ ಪರೀಕ್ಷೆಯೂ ಅದಕ್ಕಿಲ್ಲ. ಪರೀಕ್ಷೆಯಿಲ್ಲದ ವಿಷಯವನ್ನು ನಮ್ಮ ವಿದ್ಯಾರ್ಥಿಗಳು ಎಷ್ಟು ಓದುತ್ತಾರೆಂಬುದು ಕೇಳುಗರಿಗೆ ತಿಳಿಯದ್ದಲ್ಲ.

ಇನ್ನು ಚೀಟಿಯ ಪ್ರಯಾಣ. ನಮ್ಮ ವಿಭಾಗವಿದ್ದದ್ದು ಆವರಣದ ಕೊನೆಯಲ್ಲಿ, ಹಳೆಯ ಉಗ್ರಾಣದ ಪಕ್ಕದ ಎರಡು ಕೋಣೆಗಳಲ್ಲಿ. ಅಟೆಂಡರ್ ಊಟ ಮುಗಿಸಿ, ರಕ್ತದ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕೊಟ್ಟು, ಎಕ್ಸ್‌ರೇ ತಂದು, ಆಮೇಲೆ ಅಲ್ಲಿಗೆ ಬರಬೇಕು. ನಾಲ್ಕೂವರೆಗೆ ಬೀಗ ಬಿದ್ದಿದ್ದರೆ ಚೀಟಿಯನ್ನು ಬಾಗಿಲ ಸಂದಿನಲ್ಲಿ ತೂರಿಸಿ ಹೋಗುತ್ತಿದ್ದ. ಶನಿವಾರ ಸಂಜೆ ತೂರಿಸಿದ್ದನ್ನು ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುವಾಗ ನಾನೇ ಎಷ್ಟೋ ಬಾರಿ ತುಳಿದಿದ್ದೇನೆ.

ಮೆಡಿಕಲ್ ಸೂಪರಿಂಟೆಂಡೆಂಟರ ಮುಂದೆ ಇದನ್ನೆಲ್ಲ ಇಟ್ಟೆ. ಸಿಸ್ಟರುಗಳು ನನ್ನನ್ನು ನೇರವಾಗಿ ಫೋನಿನಲ್ಲಿ ಕರೆಯಬಹುದು, ಚೀಟಿ ಆಮೇಲೆ ಬರಲಿ ಎಂದು ಒಂದು ಸುತ್ತೋಲೆ ಹೊರಡಿಸಬೇಕೆಂದು ಕೇಳಿದೆ. “ದಿನವಿಡೀ ಓಡಾಡಬೇಕಾದೀತು, ಯೋಚನೆ ಮಾಡಿ” ಎಂದರು ಅವರು. ಸುತ್ತೋಲೆ ಬಂತು. ಮೊದಲ ತಿಂಗಳು ಅವರ ಮಾತು ನಿಜವಾಯಿತು. ಕಡೆಯ ಪಕ್ಷ ಎರಡು ಸಲ ನನ್ನನ್ನು ಕರೆದದ್ದು ಸೊಳ್ಳೆಯ ಕಾಟಕ್ಕೆ ನಿದ್ದೆಗೆಟ್ಟವರಿಗಾಗಿ. ಆಮೇಲೆ ಕರೆಗಳು ಹದಕ್ಕೆ ಬಂದವು. ಮುಖ್ಯವಾಗಿ, ಅವು ಒಂದೆರಡು ದಿನ ಮುಂಚೆ ಬರತೊಡಗಿದವು.

ಕರೆಗಳಲ್ಲಿ ಎರಡೇ ದರ್ಜೆಗಳನ್ನು ಇಟ್ಟುಕೊಂಡೆವು, ‘ಈಗಲೇ’ ಮತ್ತು ‘ಇವತ್ತೇ’. ತನಗೋ ಇತರರಿಗೋ ಅಪಾಯ ಮಾಡಿಕೊಳ್ಳಬಹುದಾದವನು, ಜೀವ ಉಳಿಸುವ ಚಿಕಿತ್ಸೆಯನ್ನು ಬೇಡವೆನ್ನುವವನು, ಒಂದು ಹಗಲು ಒಂದು ರಾತ್ರಿಯೊಳಗೆ ಅರಿವು ಬದಲಾದವನು, ಇವರು ಈಗಲೇ. ಮಿಕ್ಕವರೆಲ್ಲ ಇವತ್ತೇ. ‘ನಾಳೆ’ ಎಂಬ ದರ್ಜೆಯೇ ಬೇಡವೆಂದದ್ದು ನಮ್ಮ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ. ಆಕೆ ಹೇಳಿದ್ದು ಸರಿ. ನಾಳೆಗೆ ಜಾಗ ಕೊಟ್ಟಿದ್ದರೆ ಎಲ್ಲ ಚೀಟಿಗಳೂ ಅಲ್ಲಿಯೇ ಹೋಗಿ ಕೂರುತ್ತಿದ್ದವು. ನಾನು ಹೊರರೋಗಿಗಳ ನಡುವೆ ಸಿಕ್ಕಿಕೊಂಡಿದ್ದಾಗ ಆಕೆಯೇ ಮೊದಲು ಹೋಗಿ, ಮನೆಯವರನ್ನು ವಿಚಾರಿಸಿ, ಏನು ಕಂಡಿತೆಂದು ನನಗೆ ಫೋನಿನಲ್ಲಿ ತಿಳಿಸುತ್ತಿದ್ದರು. ತಡೆಯಲಾಗದ್ದಾದರೆ ನಾನು ಎದ್ದು ಹೋಗುತ್ತಿದ್ದೆ. ಹೊರಗೆ ಕಾದಿದ್ದವರು ಗೊಣಗುತ್ತಿದ್ದರು. ನ್ಯಾಯವಾದ ಗೊಣಗಾಟವೇ, ಅದಕ್ಕೆ ಪರಿಹಾರ ನನಗೆ ಇವತ್ತಿಗೂ ಗೊತ್ತಿಲ್ಲ.

ಇದೆಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಒಂದು ನಡಿಗೆ. ಬೆಳಿಗ್ಗೆ ಎಂಟೂವರೆಗೆ, ಹೊರರೋಗಿ ವಿಭಾಗದ ಕೆಲಸಕ್ಕೆ ಕೂರುವ ಮುನ್ನ, ಮೆಡಿಕಲ್ ವಾರ್ಡು, ಸರ್ಜಿಕಲ್ ವಾರ್ಡು, ಸುಟ್ಟಗಾಯದ ವಾರ್ಡುಗಳನ್ನು ಒಮ್ಮೆ ಸುತ್ತಿ ಬರುವುದು. ಯಾರೂ ಕರೆದಿರಬೇಕಾಗಿಲ್ಲ. ರಾತ್ರಿ ಪಾಳಿಯ ಸಿಸ್ಟರ್ ಮನೆಗೆ ಹೊರಡುವ ಮುಂಚೆ ಸಿಕ್ಕರೆ ಸಾಕು, “ಹನ್ನೆರಡನೇ ಮಂಚದವರು ನಿದ್ದೆ ಮಾಡಿಲ್ಲ ಸಾರ್” ಎಂಬ ಒಂದು ಮಾತಿನಲ್ಲಿ ಎರಡು ದಿನದ ವಿಳಂಬ ಕರಗುತ್ತಿತ್ತು. ಕರೆದಾಗ ಬರುವುದು ಒಂದು ಬಗೆ, ಕರೆಯದಿದ್ದರೂ ಒಡನಿರುವುದು ಇನ್ನೊಂದು ಬಗೆ. ನಮ್ಮ ಶಾಸ್ತ್ರದ ಗ್ರಂಥಗಳು ಈ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟಿವೆ. ಹೆಸರು ಏನೇ ಇರಲಿ, ಎರಡನೆಯದು ಇಲ್ಲದೆ ಮೊದಲನೆಯದು ಬೇಗ ಆಗುವುದಿಲ್ಲ ಎಂಬುದು ನನ್ನ ಅನುಭವ.

ಕೆಲವು ಕಾಯಿಲೆಗಳಲ್ಲಂತೂ ಗಡಿಯಾರ ರೋಗಿಯ ಮೈಯೊಳಗೇ ಓಡುತ್ತಿರುತ್ತದೆ. ನಿತ್ಯ ವಿಪರೀತ ಕುಡಿಯುವವನೊಬ್ಬ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡು ಬರುತ್ತಾನೆ. ಆಸ್ಪತ್ರೆಗೆ ಸೇರಿದ್ದರಿಂದ ಕುಡಿತ ತಾನಾಗಿ ನಿಲ್ಲುತ್ತದೆ. ಆರೆಂಟು ಗಂಟೆಗಳಲ್ಲಿ ಕೈ ನಡುಕ, ಬೆವರು. ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಕೊನೆಯ ಗುಟುಕು ಕುಡಿದು ಎರಡರಿಂದ ನಾಲ್ಕು ದಿನಗಳ ನಡುವೆ ಭಯಂಕರವಾದ ಸನ್ನಿ ಏಳಬಹುದು. ಹಾಸಿಗೆಯ ಮೇಲೆ ಹುಳ ಕಾಣುತ್ತದೆ, ಕಿವಿಯಲ್ಲಿ ಬೈಗುಳ ಕೇಳುತ್ತದೆ, ಮುರಿದ ಕಾಲಿನಲ್ಲಿಯೇ ಎದ್ದು ಓಡುತ್ತಾನೆ. ಚಿಕಿತ್ಸೆಯಿಲ್ಲದೆ ಇದರಲ್ಲಿ ಸಾವು ಅಪರೂಪವಲ್ಲ. ಆ ಗಳಿಗೆಯಲ್ಲಿ ನನ್ನನ್ನು ಕರೆದರೆ ಹತ್ತು ನಿಮಿಷದಲ್ಲಿ ಓಡಿಬಂದರೂ ನಾನು ಮೂರು ದಿನ ತಡ. ಸೇರಿಸಿಕೊಳ್ಳುವ ದಿನವೇ ಹೌಸ್ ಸರ್ಜನ್ ಎರಡು ಪ್ರಶ್ನೆ ಕೇಳಿದ್ದರೆ, ದಿನಾ ಕುಡಿಯುತ್ತೀಯಾ, ಕೊನೆಗೆ ಕುಡಿದದ್ದು ಯಾವಾಗ ಎಂದು, ನಿಯಮಿತ ಪ್ರಮಾಣದ ಮಾತ್ರೆಗಳಿಂದ ಬಹುಮಟ್ಟಿಗೆ ಅದನ್ನು ತಡೆಯಬಹುದಿತ್ತು. ಥಯಾಮಿನ್ ಎಂಬ ಬಿ ಜೀವಸತ್ವವನ್ನು ಗ್ಲೂಕೋಸಿಗೆ ಮುಂಚೆಯೇ ಕೊಟ್ಟು ನೆನಪಿನ ಶಕ್ತಿಯನ್ನೂ ಕಾಪಾಡಬಹುದಿತ್ತು. ಹೆಂಡತಿಯ ಎದುರಿಗೆ ಕೇಳಬೇಡಿ, ಬಯ್ಯುವ ದನಿಯಲ್ಲಿ ಕೇಳಬೇಡಿ ಎಂದು ನಾನು ಹೌಸ್ ಸರ್ಜನ್ನರಿಗೆ ಹೇಳುತ್ತಿದ್ದೆ. ಬಯ್ದು ಕೇಳಿದರೆ “ಹಬ್ಬಕ್ಕೆ ಒಂದು ಸ್ವಲ್ಪ ಸಾರ್” ಎಂಬ ಉತ್ತರವೇ ಗ್ಯಾರಂಟಿ.

ಹೊತ್ತಿನ ವಿಷಯವನ್ನು ಬಹಳ ಗಂಭೀರವಾಗಿ ತೆಗೆದುಕೊಂಡ ದೇಶ ಇಂಗ್ಲೆಂಡು. ೨೦೦೯ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನ ಸಿಟಿ ಹಾಸ್ಪಿಟಲಿನಲ್ಲಿ ‘ರೇಡ್’ ಎಂಬ ಹೆಸರಿನ ತಂಡವೊಂದು ಕೆಲಸ ಆರಂಭಿಸಿತು. ಹಗಲೂ ರಾತ್ರಿಯೂ ಒಂದೇ ಕಡೆಗೆ ಕರೆ ಮಾಡಿದರೆ ಸಾಕು. ತುರ್ತುಚಿಕಿತ್ಸಾ ವಿಭಾಗದಿಂದ ಕರೆ ಬಂದರೆ ಒಂದು ಗಂಟೆಯೊಳಗೆ, ವಾರ್ಡಿನಿಂದ ಬಂದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ನೋಡುವುದು ಅವರ ಗುರಿ. ವಾರ್ಡಿನ ವೈದ್ಯರಿಗೂ ನರ್ಸುಗಳಿಗೂ ತರಬೇತಿ ಕೊಡುವುದು ಅದೇ ತಂಡದ ಕೆಲಸ. ೨೦೧೧ರಲ್ಲಿ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ, ಒಂದು ಪೌಂಡು ಖರ್ಚಿಗೆ ನಾಲ್ಕು ಪೌಂಡಿಗಿಂತ ಹೆಚ್ಚು ಉಳಿತಾಯವೆಂದರು. ಅದರಲ್ಲಿ ಹೆಚ್ಚಿನ ಪಾಲು, ವೃದ್ಧರು ಬೇಗ ಮನೆಗೆ ಹೋದದ್ದರಿಂದ ಬಂದದ್ದು. ೨೦೧೬ರಲ್ಲಿ ಆ ದೇಶ ಇದೇ ಮಾದರಿಯನ್ನು ಇತರ ದೊಡ್ಡ ಆಸ್ಪತ್ರೆಗಳಿಗೂ ವಿಸ್ತರಿಸುವ ಯೋಜನೆ ಮಾಡಿತು. ಆದರೆ ೨೦೨೪ರಲ್ಲಿ ಅದೇ ಇಂಗ್ಲೆಂಡಿನ ಮೂರು ಆಸ್ಪತ್ರೆಗಳಿಂದ ಇನ್ನೊಂದು ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಅರವತ್ತೈದು ದಾಟಿದ ರೋಗಿಗಳ ಬಳಿಗೆ ಮನೋವೈದ್ಯರು ಕರೆಗೆ ಕಾಯದೆ ತಾವಾಗಿಯೇ ಹೋದರೂ, ಆಸ್ಪತ್ರೆಯಲ್ಲಿ ಉಳಿಯುವ ದಿನಗಳು ಗಣನೀಯವಾಗಿ ಕಡಿಮೆಯಾಗಲಿಲ್ಲವೆಂದು ಅದು ತಿಳಿಸಿತು. ಕರೆಯದೆ ಹೋಗುವ ನಡಿಗೆಯನ್ನು ಇಷ್ಟು ಹೊಗಳಿದ ನಾನು ಇದನ್ನು ಮುಚ್ಚಿಡಬಾರದು. ಓದಿದಾಗ ನನಗೆ ಮೊದಲು ಪಿಚ್ಚೆನಿಸಿತು. ಆಮೇಲೆ ಯೋಚಿಸಿದೆ: ಮೇಷ್ಟರ ಕೈ ಬಿಚ್ಚಿದ್ದು ಅವರು ಎರಡು ದಿನ ಮುಂಚೆ ಮನೆಗೆ ಹೋಗಲಿ ಎಂದೇನೂ ಅಲ್ಲವಲ್ಲ.

ಗಂಟೆ ಎಣಿಸುವುದರಲ್ಲಿ ಇನ್ನೊಂದು ಅಪಾಯವುಂಟು. ಅಂಕಿ ಸುಧಾರಿಸಬೇಕೆಂಬ ಒತ್ತಡ ಬಂದರೆ ವೈದ್ಯ ಓಡಿಬಂದು, ಐದು ನಿಮಿಷ ನಿಂತು, “ನೋಡಲಾಗಿದೆ” ಎಂದು ಗೀಚಿ ಓಡುತ್ತಾನೆ. ರಿಜಿಸ್ಟರಿಗೆ ಸಂತೋಷ. ನಾನೂ ಹಾಗೆ ಗೀಚಿದ್ದುಂಟು. ಅದಕ್ಕಿಂತ ಕೆಟ್ಟದ್ದೆಂದರೆ, ಮನೋವೈದ್ಯ ಬರುವ ತನಕ ಇರಲೆಂದು ಯಾರೋ ಮಂಪರಿನ ಸೂಜಿ ಚುಚ್ಚಿಬಿಡುವುದು. ಕೆಲವೊಮ್ಮೆ ಅದು ಅನಿವಾರ್ಯ. ಎಷ್ಟೋ ಸಲ ಅದು ವಾರ್ಡಿಗೆ ನಿದ್ದೆ ಬರಿಸುವ ಸೂಜಿ, ರೋಗಿಗಲ್ಲ. ನಾನು ಬೇಗ ಬಂದರೂ ಎದುರಿಗೆ ಗೊರಕೆ ಹೊಡೆಯುವ ಮನುಷ್ಯ. ಏನನ್ನು ಕೇಳಲಿ?

ಈಗ ಹೇಳಬೇಕಾದ್ದು, ನಾನು ತಡವಾಗಿ ಹೋದ ಒಂದು ಪ್ರಸಂಗ. ಇದರಲ್ಲಿ ಚೀಟಿಯ ತಪ್ಪೂ ಇದೆ, ನನ್ನ ತಪ್ಪೂ ಇದೆ. ಇಪ್ಪತ್ತೆರಡರ ಹರೆಯದ ಹೆಣ್ಣುಮಗಳು, ಮದುವೆಯಾಗಿ ಎರಡು ವರ್ಷ. ಹೊಲಕ್ಕೆ ಹೊಡೆಯುವ ಔಷಧಿ ಕುಡಿದು ಬಂದಿದ್ದಳು. ಕೇಸ್ ಶೀಟಿನಲ್ಲಿ ‘ಅಕಸ್ಮಾತ್ತಾಗಿ’ ಎಂದು ಬರೆಸಲಾಗಿತ್ತು. ಆತ್ಮಹತ್ಯೆಯ ಪ್ರಯತ್ನ ಆಗ ಶಿಕ್ಷೆಗೆ ಗುರಿಯಾಗುವ ಅಪರಾಧ. ಪೊಲೀಸರ ಹೆದರಿಕೆಯಿಂದ ಮನೆಯವರು ಹಾಗೆಯೇ ಹೇಳುತ್ತಿದ್ದರು, ವೈದ್ಯರೂ ಕೇಳಿದ್ದನ್ನೇ ಬರೆಯುತ್ತಿದ್ದರು. ಮೆಡಿಕಲ್ ವಾರ್ಡಿನವರು ಅವಳನ್ನು ಉಳಿಸಿದರು. ಅದು ಸಣ್ಣ ಮಾತಲ್ಲ, ಕೃತಕ ಉಸಿರಾಟದ ಮೇಲೆ ಇಟ್ಟು ಹಗಲಿರುಳು ಕಾದು ಉಳಿಸಿದರು. ಎಂಟನೆಯ ದಿನ, ಮಂಗಳವಾರ, ಮನೆಗೆ ಕಳಿಸುವ ಮುನ್ನ ನನಗೆ ಚೀಟಿ ಬರೆದರು. ಮಂಗಳವಾರ ನಾನು ತಾಲ್ಲೂಕು ಆಸ್ಪತ್ರೆಗೆ ಹೋಗುವ ದಿನ. ಸಂಜೆ ಹಿಂದಿರುಗಿದಾಗ ಚೀಟಿ ನನ್ನ ಮೇಜಿನ ಮೇಲಿತ್ತು. ಓದಿದೆ. ದಣಿದಿದ್ದೆ. ಬೆಳಿಗ್ಗೆ ನೋಡಿದರಾಯಿತು ಎಂದುಕೊಂಡೆ.

ಬೆಳಿಗ್ಗೆ ಆ ಮಂಚದ ಮೇಲೆ ಬೇರೊಬ್ಬರು ಮಲಗಿದ್ದರು. “ನಿನ್ನೆ ಏಳು ಗಂಟೆಗೆ ಕರಕೊಂಡು ಹೋದರು ಸಾರ್, ಕೊನೆಯ ಬಸ್ಸು ತಪ್ಪುತ್ತದೆ ಅಂದರು” ಎಂದರು ಸಿಸ್ಟರ್. ನಾನು ಚೀಟಿ ಓದಿದ್ದು ಆರು ಗಂಟೆಗೆ.

ನಾಲ್ಕು ತಿಂಗಳಾದ ಮೇಲೆ ತುರ್ತುಚಿಕಿತ್ಸಾ ವಿಭಾಗದ ರಿಜಿಸ್ಟರಿನಲ್ಲಿ ಅದೇ ಹೆಸರು, ಅದೇ ಊರು ಕಂಡಿತು. ಈ ಸಲ ಅವಳು ವಾರ್ಡಿನ ತನಕ ಬರಲಿಲ್ಲ. ನಾನು ಅಂದು ಹೋಗಿದ್ದರೆ ಉಳಿಯುತ್ತಿದ್ದಳೇ? ಹೌದೆನ್ನುವ ಧೈರ್ಯ ನನಗಿಲ್ಲ, ಇಲ್ಲವೆನ್ನುವ ಧೈರ್ಯವೂ ಇಲ್ಲ.

ಒಂದು ಮಾತುಕತೆಯಿಂದ ಏನಾದೀತು ಎಂಬ ಉದಾಸೀನಕ್ಕೆ ಮಾತ್ರ ಆಧಾರವಿಲ್ಲ ಎಂಬುದು ಆಮೇಲೆ ತಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ನಮ್ಮ ಚೆನ್ನ��ಯೂ ಸೇರಿ ಐದು ದೇಶಗಳ ಐದು ಕಡೆ, ಆತ್ಮಹತ್ಯೆಗೆ ಯತ್ನಿಸಿ ಆಸ್ಪತ್ರೆಗೆ ಬಂದ ೧೮೬೭ ಮಂದಿಯನ್ನು ಎರಡು ಗುಂಪು ಮಾಡಿ ಗಮನಿಸಿದರು. ಒಂದು ಗುಂಪಿಗೆ ಮಾಮೂಲು ಚಿಕಿತ್ಸೆ. ಇನ್ನೊಂದಕ್ಕೆ ಅದರೊಡನೆ, ಮನೆಗೆ ಹೊರಡುವ ಮುನ್ನ ಸುಮಾರು ಒಂದು ಗಂಟೆಯ ಮಾತುಕತೆ, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನಿನಿಂದಲೋ ಮನೆಗೆ ಹೋಗಿಯೋ ವಿಚಾರಣೆ. ೨೦೦೮ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮಾಮೂಲು ಗುಂಪಿನಲ್ಲಿ ಆತ್ಮಹತ್ಯೆಯಿಂದ ಸತ್ತವರು ನೂರಕ್ಕೆ ೨.೨, ಇನ್ನೊಂದರಲ್ಲಿ ೦.೨. ಔಷಧವೇನೂ ಹೊಸದಲ್ಲ. “ಹೇಗಿದ್ದೀಯಮ್ಮ?” ಎಂದು ಕೇಳಿದ್ದು, ಅಷ್ಟೆ. ಆದರೆ ಕೇಳಲು ಅವಳು ಬಸ್ಸು ಹತ್ತುವ ಮುನ್ನ ಯಾರಾದರೂ ಅಲ್ಲಿರಬೇಕು.

ಅಲ್ಲಿಂದೀಚೆಗೆ ವಿಷ ಕುಡಿದು ಬಂದವರಿಗೆ ನಮ್ಮಲ್ಲಿ ಡಿಸ್ಚಾರ್ಜಿನ ದಿನದ ಕರೆ ಎಂಬುದನ್ನು ನಿಲ್ಲಿಸಿದೆವು. ಉಸಿರಾಟದ ನಳಿಕೆ ತೆಗೆದು, ರೋಗಿ ಮಾತಾಡುವಂತಾದ ದಿನವೇ ನಮ್ಮವರೊಬ್ಬರು ಹೋಗಿ ಪಕ್ಕದಲ್ಲಿ ಕೂರುವುದು. ನಾನಿಲ್ಲದ ಮಂಗಳವಾರಗಳಲ್ಲಿ ಸಮಾಜ ಕಾರ್ಯಕರ್ತೆ. ಕಾನೂನೂ ಬದಲಾಯಿತು. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ೨೦೧೮ರ ಮೇ ತಿಂಗಳಲ್ಲಿ ಜಾರಿಗೆ ಬಂದು, ಹಾಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಆರೈಕೆ ಕೊಡುವುದು ಸರ್ಕಾರದ ಹೊಣೆ ಎಂದಿತು. ೨೦೨೪ರ ಜುಲೈಯಿಂದ ಹಳೆಯ ದಂಡಸಂಹಿತೆಯ ೩೦೯ನೆಯ ಕಲಮೇ ಇಲ್ಲವಾಗಿದೆ. ೨೦೨೨ರಿಂದ ೧೪೪೧೬ ಎಂಬ ಟೆಲಿಮಾನಸ್ ಸಂಖ್ಯೆಗೆ ಯಾರೂ ಹಣವಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು. ಈ ಮಾತನ್ನು ಕೇಳುತ್ತಿರುವವರಲ್ಲಿ ಯಾರಿಗಾದರೂ ಬೇಕಾಗಿದ್ದರೆ ಬರೆದಿಟ್ಟುಕೊಳ್ಳಿ. ಆದರೂ ಕೇಸ್ ಶೀಟುಗಳಲ್ಲಿ ‘ಅಕಸ್ಮಾತ್ತಾಗಿ’ ಎಂಬ ಪದ ಇನ್ನೂ ಕಾಣಿಸಿಕೊಳ್ಳುತ್ತದೆ. ಹೆದರಿಕೆಗೆ ಕಾಯಿದೆಯ ತಿದ್ದುಪಡಿ ತಡವಾಗಿ ತಲುಪುತ್ತದೆ.

ರೋಗಿಗೆ ಮುಂಚೆಯೇ ತಿಳಿಸುವ ವಿಷಯವೊಂದು ಉಳಿಯಿತು. ಎಷ್ಟೋ ಸಲ ನಾನು ಹೋಗಿ ಹೆಸರು ಹೇಳಿಕೊಂಡಾಗಲೇ ರೋಗಿಗೆ ಗೊತ್ತಾಗುತ್ತಿತ್ತು, ತನಗೆ ಮನೋವೈದ್ಯನನ್ನು ಕರೆಸಿದ್ದಾರೆಂದು. “ನನ್ನನ್ನು ಹುಚ್ಚ ಅಂದುಕೊಂಡಿರಾ?” ಎಂದು ಗೋಡೆಯ ಕಡೆ ಹೊರಳಿದವರನ್ನು ಮಾತಿಗೆ ಎಳೆಯುವುದರಲ್ಲಿ, ಓಡಿಬಂದು ಉಳಿಸಿದ ಹೊತ್ತೆಲ್ಲ ವ್ಯಯವಾಗುತ್ತಿತ್ತು. “ನಿದ್ದೆ, ಚಿಂತೆ, ಗಾಬರಿ ನೋಡುವ ಡಾಕ್ಟರು ಬರುತ್ತಾರೆ, ಅವರೂ ನಮ್ಮವರೇ” ಎಂದು ವಾರ್ಡಿನ ವೈದ್ಯರು ಒಂದು ಮಾತು ಹೇಳಿದ್ದರೆ ಸಾಕಾಗುತ್ತಿತ್ತು. ಚೀಟಿಯಲ್ಲಿ ಐದನೆಯದಾಗಿ ‘ರೋಗಿಗೆ ತಿಳಿಸಿದೆಯೇ?’ ಎಂಬ ಸಾಲನ್ನು ಸೇರಿಸಿದೆವು. ಬಹಳ ಕಾಲ ಅದು ಖಾಲಿಯಾಗಿಯೇ ಬರುತ್ತಿತ್ತು.

ನಾನು ನಿವೃತ್ತನಾಗುವ ವರ್ಷ, ಮಳೆಗಾಲದ ಒಂದು ಮಧ್ಯಾಹ್ನ, ಮಹಿಳಾ ಮೆಡಿಕಲ್ ವಾರ್ಡಿನಿಂದ ಫೋನು ಬಂತು. ಹೊಸದಾಗಿ ಸೇರಿದ ಸಿಸ್ಟರ್, ದನಿಯಲ್ಲಿ ಅಳುಕಿತ್ತು.

“ಸಾರ್, ಗಲಾಟೆ ಏನೂ ಇಲ್ಲ. ಕರೆಯಬಹುದೋ ಇಲ್ಲವೋ ಗೊತ್ತಾಗಲಿಲ್ಲ.”

“ಹೇಳಿ ಸಿಸ್ಟರ್.”

“ಮೂಲೆ ಮಂಚದ ಅಜ್ಜಿ ಸಾರ್. ನಿನ್ನೆ ತನಕ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಬೆಳಿಗ್ಗೆಯಿಂದ ಸುಮ್ಮನೆ ಇದ್ದಾರೆ. ಊಟ ಬಾಯಲ್ಲಿಟ್ಟರೆ ನುಂಗುವುದನ್ನೇ ಮರೆಯುತ್ತಾರೆ. ಎಲ್ಲರೂ ಪಾಪ, ನಿದ್ದೆ ಮಾಡಲಿ ಬಿಡು ಎನ್ನುತ್ತಿದ್ದಾರೆ.”

ಗದ್ದಲದ ಸನ್ನಿಯಿರುವಂತೆ ಮೌನದ ಸನ್ನಿಯೂ ಇದೆ. ಯಾರಿಗೂ ತೊಂದರೆ ಕೊಡದ ಕಾರಣ ಅದಕ್ಕೆ ಚೀಟಿ ಬರುವುದು ಬಹಳ ಅಪರೂಪ. ಅದಕ್ಕಾಗಿ ಯಾರೋ ಅದೇ ದಿನ ನನ್ನನ್ನು ಕರೆದದ್ದು, ನನಗೆ ನೆನಪಿರುವ ಮಟ್ಟಿಗೆ ಅದೇ ಮೊದಲು. ಕೊಡೆ ತೆಗೆದುಕೊಂಡು ಹೊರಟೆ. ನಾನು ಹೋಗುವಷ್ಟರಲ್ಲಿ ಸಿಸ್ಟರ್ ಅಜ್ಜಿಯ ಜ್ವರ ನೋಡಿ, ರಕ್ತದ ಸಕ್ಕರೆ ಪರೀಕ್ಷಿಸಿ, ಚೀಟಿಯನ್ನೂ ತುಂಬಿಸಿ ಇಟ್ಟಿದ್ದರು. ತೊಂದರೆ ಕಂಡದ್ದು ಬೆಳಿಗ್ಗೆ ಏಳು, ಕರೆದದ್ದು ಎರಡೂ ಹತ್ತು. ನಾನು ಬಂದ ಹೊತ್ತನ್ನು ನನ್ನ ಕೈಯಿಂದಲೇ ಬರೆಸಿದರು. ಐದನೆಯ ಸಾಲನ್ನು ನೋಡಿದೆ. “ತಿಳಿಸಿದ್ದೇನೆ. ಕಣ್ಣು ಬಿಟ್ಟರು” ಎಂದು ಬರೆದಿತ್ತು.